ಪುಟ್ಟ ಮಕ್ಕಳ ಕೈಯಿಂದ ಅಪ್ಪನಿಗೊಂದು ಗಿಫ್ಟ್: ಮಾಡ್ಸೋದು ಹೇಗೆ, ಎಲ್ಲಿ ಕೈ ಹಾಕ್ಬಾರ್ದು

ನರ್ಸರಿ, ಎಲ್‌ಕೆಜಿ ವಯಸ್ಸಿನ ಮಕ್ಕಳ ಹತ್ರ ಅಪ್ಪನಿಗೆ ಗಿಫ್ಟ್ ಮಾಡ್ಸೋದು ಅಂದ್ರೆ ತುಂಬಾ ಕಡೆ ನಡೆಯೋದು ಹೀಗೆ: ಅಮ್ಮನೋ ಟೀಚರ್ರೋ ಕೂತು ಕಟ್ ಮಾಡಿ ಅಂಟಿಸಿ ಚೆಂದವಾಗಿ ಹೆಸ್ರು ಬರೆದು ಎಲ್ಲಾ ಮುಗಿಸ್ತಾರೆ, ಕೊನೇಲಿ ಮಗು ಕೈಲಿ ಒಂದು ಸ್ಟಿಕರ್ ಅಂಟಿಸಿ "ನೋಡಿ ಪುಟ್ಟಿನೇ ಮಾಡಿದ್ದು" ಅಂತ ಕೊಟ್ಟುಬಿಡ್ತಾರೆ. ಅದು ದೊಡ್ಡೋರು ಮಾಡಿದ ಗಿಫ್ಟು, ಅಪ್ಪನಿಗೂ ಗೊತ್ತಾಗತ್ತೆ, ಮಗುಗಂತೂ ಮೊದ್ಲೇ ಗೊತ್ತಿರತ್ತೆ. ಹಾಗಂತ ಎಲ್ಲಾ ಮಗುಗೇ ಬಿಟ್ರೆ ಬಣ್ಣ ನೆಲದ ಮೇಲೆ, ಗೋಂದು ತಲೆಕೂದ್ಲಲ್ಲಿ, ಗಿಫ್ಟು ಎಲ್ಲೂ ಇಲ್ಲ. ಇವೆರಡರ ಮಧ್ಯೆ ಒಂದು ದಾರಿ ಇದೆ. ತಯಾರಿ ಎಲ್ಲಾ ದೊಡ್ಡೋರದ್ದು, ಕೆಲ್ಸ ಎಲ್ಲಾ ಮಗುವಿಂದು, ರಿಪೇರಿ ಯಾರದ್ದೂ ಅಲ್ಲ. ಮುಂದೆ ಬರೆದಿರೋದೆಲ್ಲಾ ಈ ಲೆಕ್ಕದಲ್ಲೇ.

ಯಾವಾಗ ಶುರು ಮಾಡ್ಬೇಕು

ಫಾದರ್ಸ್ ಡೇಗೆ ಅಂತಾದ್ರೆ ಮೊದ್ಲು ತಾರೀಖು ನೋಡ್ಕೊಳ್ಳಿ, ಯಾಕಂದ್ರೆ ಎಲ್ಲಾ ದೇಶದಲ್ಲೂ ಒಂದೇ ದಿನ ಅಲ್ಲ. ಬಹಳ ದೇಶಗಳಲ್ಲಿ ಜೂನ್ ತಿಂಗಳ ಮೂರನೇ ಭಾನುವಾರ, ಆಸ್ಟ್ರೇಲಿಯಾ ನ್ಯೂಜಿಲೆಂಡ್ ಕಡೆ ಸೆಪ್ಟೆಂಬರ್ ಮೊದಲ ಭಾನುವಾರ, ಇಟಲಿ ಸ್ಪೇನ್‌ನಲ್ಲಿ ಮಾರ್ಚ್ 19. ಅಪ್ಪನ ಬರ್ತ್‌ಡೇಗೆ ಮಾಡ್ಸೋದಾದ್ರೆ ಈ ತಲೆನೋವೇ ಇಲ್ಲ, ನಂಗೆ ಕೇಳಿದ್ರೆ ಅದೇ ಇನ್ನೂ ಒಳ್ಳೇದು. ಯಾವುದಾದ್ರೂ ಸರಿ, ಎರಡು ವಾರ ಮುಂಚೆ ಶುರು ಮಾಡಿ. ಮಗು ಮಾಡೋ ಕೆಲ್ಸ ಇರೋದು ಹತ್ತು ಹದಿನೈದು ನಿಮಿಷದ್ದೇ, ಆದ್ರೆ ಒಣಗೋಕೆ ಟೈಮ್ ಬೇಕು, ಮಗುಗೆ ಮೂಡ್ ಇಲ್ಲದ ದಿನಗಳು ಬರ್ತವೆ, ನೆಗಡಿ ಜ್ವರ ಬರತ್ತೆ. ಹಿಂದಿನ ದಿನ ರಾತ್ರಿ ಕೂತ್ರೆ ಗಿಫ್ಟ್ ಮಾಡೋದು ನೀವೇ, ಅದರಲ್ಲಿ ಅನುಮಾನ ಬೇಡ.

ಸ್ಕೂಲಲ್ಲಿ ಮಾಡ್ಸೋರು ಅದಕ್ಕೂ ಮುಂಚೆ ಇನ್ನೊಂದು ಕೆಲ್ಸ ಮಾಡ್ಬೇಕು. ಕ್ಲಾಸಲ್ಲಿ ಅಪ್ಪ ಇಲ್ಲದ ಮಗು ಇರಬಹುದು, ಅಪ್ಪ ದೂರ ಇರಬಹುದು, ಮನೇಲಿ ಅಪ್ಪನ ಮಾತೇ ಎತ್ತದ ಪರಿಸ್ಥಿತಿ ಇರಬಹುದು. ಮನೆಯವರ ಹತ್ರ ಮುಂಚೇನೇ ಸದ್ದಿಲ್ಲದೆ ಕೇಳ್ಕೊಳ್ಳಿ, "ಯಾರಿಗೆ ಮಾಡ್ಸಲಿ?" ಅಂತ. ತಾತ, ಮಾವ, ಚಿಕ್ಕಪ್ಪ, ಅಣ್ಣ, ಅಮ್ಮ, ಯಾರಿಗೆ ಬೇಕಾದ್ರೂ ಆಗಬಹುದು. ಅಪ್ಪ ತೀರಿಕೊಂಡಿದ್ರೂ ಅಪ್ಪನಿಗೇ ಮಾಡ್ತೀನಿ ಅನ್ನೋ ಮಗುನೂ ಇರತ್ತೆ, ಮಾಡ್ಲಿ, ಬೇಡ ಅನ್ನಬೇಡಿ. ಎಲ್ಲರ ಮುಂದೆ "ನೀನು ಮಾತ್ರ ತಾತನಿಗೆ ಮಾಡು" ಅಂತ ಹೇಳೋದು ಮಾತ್ರ ಬೇಡ. ಶುರು ಮಾಡೋವಾಗ್ಲೇ ಇಡೀ ಕ್ಲಾಸಿಗೆ "ನಿಮಗೆ ಇಷ್ಟ ಆದೋರಿಗೆ" ಅಂದ್ಬಿಡಿ, ಅಲ್ಲಿಗೆ ಮುಗೀತು.

ಯಾವ ವಯಸ್ಸಿಗೆ ಏನಾಗತ್ತೆ

ಎರಡರಿಂದ ಮೂರು ವರ್ಷದ ಮಗು ಕ್ರೇಯಾನನ್ನ ಮುಷ್ಟೀಲಿ ಹಿಡಿಯತ್ತೆ, ಗೀಚತ್ತೆ, ಪೇಪರ್ ಹರಿಯತ್ತೆ, ಅಂಟಿಸತ್ತೆ, ಬಣ್ಣದಲ್ಲಿ ಕೈ ಅದ್ದತ್ತೆ. ಅಷ್ಟೇ, ಅಷ್ಟು ಸಾಕು ಕೂಡ. ಮೂರು ವರ್ಷದ ಹೊತ್ತಿಗೆ ವೃತ್ತದ ತರ ಏನೋ ಬರೆಯತ್ತೆ, ಮೊಂಡು ತುದಿಯ ಮಕ್ಕಳ ಕತ್ತರಿ ಕೊಟ್ರೆ ಪೇಪರಿನ ಅಂಚನ್ನ ಒಂದೊಂದು ಸಲ ಕಚ್ ಅಂತ ಕತ್ತರಿಸತ್ತೆ, ಗೆರೆ ಮೇಲೆ ಹೋಗು ಅಂದ್ರೆ ಹೋಗಲ್ಲ. ನಾಲ್ಕಕ್ಕೆ ಮನುಷ್ಯರ ಚಿತ್ರ ಬರೋಕೆ ಶುರು, ದೊಡ್ಡ ತಲೆ, ತಲೆಯಿಂದ್ಲೇ ಎರಡು ಕಾಲು ನೇತಾಡ್ತಿರತ್ತೆ, ಹೊಟ್ಟೆ ನಾಪತ್ತೆ. ಅದು ತಪ್ಪಲ್ಲ, ಪ್ರಪಂಚದ ಬಹುತೇಕ ಮಕ್ಕಳು ಮೊದ್ಲು ಹಾಗೇ ಬರೆಯೋದು. "ಅಪ್ಪನ ಹೊಟ್ಟೆ ಎಲ್ಲಿ?" ಅಂತ ತಿದ್ದೋಕೆ ಹೋಗ್ಬೇಡಿ, ಆ ಚಿತ್ರ ಇನ್ನೊಂದು ವರ್ಷ ಕಳೆದ್ರೆ ಮತ್ತೆ ಸಿಗಲ್ಲ. ಐದರ ಹೊತ್ತಿಗೆ ಗೆರೆ ಮೇಲೆ ಕತ್ತರಿಸೋದು, ಹೆಸ್ರು ಬರೆಯೋದು, ಒಂದು ಕೆಲ್ಸನ ಎರಡು ಮೂರು ದಿನ ಮುಂದುವರಿಸೋದು ಎಲ್ಲಾ ಬರತ್ತೆ. ಅಕ್ಷರ ಕನ್ನಡೀಲಿ ನೋಡಿದ ಹಾಗೆ ಉಲ್ಟಾ ಬರೋದು ಈ ವಯಸ್ಸಲ್ಲಿ ಮಾಮೂಲು.

ಒಂದೊಂದು ಮಗು ಒಂದೊಂದು ತರ, ಹಾಗಾಗಿ ವಯಸ್ಸಿನ ಲೆಕ್ಕಕ್ಕಿಂತ ನಿಮ್ಮೆದುರು ಇರೋ ಮಗು ಏನ್ ಮಾಡತ್ತೆ ಅಂತ ನೋಡಿ ಐಡಿಯಾ ಆರಿಸಿ. ಅನುಮಾನ ಇದ್ರೆ ಸುಲಭದ್ದನ್ನೇ ತಗೊಳ್ಳಿ.

ಸಾಮಾನು ಮತ್ತೆ ಸೇಫ್ಟಿ

ದಪ್ಪ ಪೇಪರ್, ನೀರಲ್ಲಿ ತೊಳೆದ್ರೆ ಹೋಗೋ ಪೋಸ್ಟರ್ ಕಲರ್, ದಪ್ಪ ಕ್ರೇಯಾನ್, ಗ್ಲೂ ಸ್ಟಿಕ್, ಬಿಳಿ ಗೋಂದು, ಮೊಂಡು ಕತ್ತರಿ, ಸ್ಪಾಂಜ್ ತುಂಡು, ಹಳೇ ಟೀ ಶರ್ಟು, ಒದ್ದೆ ಬಟ್ಟೆ. ಇದಕ್ಕಿಂತ ಜಾಸ್ತಿ ಬೇಕಾಗಲ್ಲ. ಬಣ್ಣದ ಡಬ್ಬಿ ಮೇಲೆ ವಿಷಕಾರಿ ಅಲ್ಲ, ಮಕ್ಕಳಿಗೆ ಅಂತ ಬರೆದಿರೋದನ್ನೇ ತಗೊಳ್ಳಿ, ಯಾಕಂದ್ರೆ ಬಾಯಿಗೆ ಹೋಗೇ ಹೋಗತ್ತೆ.

ಇನ್ನು ಬೇಡದ್ದು. ಮೂರು ವರ್ಷದ ಒಳಗಿನ ಮಕ್ಕಳ ಹತ್ರ ಮಣಿ, ಗುಂಡಿ, ಅಂಟಿಸೋ ಗೊಂಬೆ ಕಣ್ಣು ತರದ ಚಿಕ್ಕ ಸಾಮಾನು ಇಡ್ಬೇಡಿ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳತ್ತೆ. ಅಂದಾಜಿಗೆ, ಮೂರು ಸೆಂಟಿಮೀಟರ್ ಚಿಲ್ಲರೆ ಅಗಲದ ಕೊಳವೆ ಒಳಗೆ ತೂರೋ ಅಂಥದ್ದೆಲ್ಲಾ ಆ ವಯಸ್ಸಿಗೆ ಅಪಾಯ. ಫ್ರಿಜ್ಜಿಗೆ ಅಂಟೋ ಗಿಫ್ಟ್ ಮಾಡ್ತೀವಿ ಅಂತ ಚಿಕ್ಕ ಶಕ್ತಿಶಾಲಿ ಮ್ಯಾಗ್ನೆಟ್ ತರೋರಿದ್ದಾರೆ, ದಯವಿಟ್ಟು ಬೇಡ. ಎರಡು ನುಂಗಿದ್ರೆ ಹೊಟ್ಟೆ ಒಳಗೆ ಒಂದಕ್ಕೊಂದು ಎಳ್ಕೊಂಡು ಕರುಳಿನ ಗೋಡೆ ಮಧ್ಯೆ ಸಿಕ್ಕಿ ತೂತೇ ಮಾಡಿಬಿಡತ್ತೆ, ಆಪರೇಷನ್ ತನಕ ಹೋಗತ್ತೆ. ಬೇಕೇ ಬೇಕು ಅಂದ್ರೆ ರಬ್ಬರ್ ತರ ಬಾಗೋ ಮ್ಯಾಗ್ನೆಟ್ ಶೀಟ್ ಸಿಗತ್ತೆ, ಅದನ್ನ ದೊಡ್ಡ ತುಂಡಾಗಿ ಅಂಟಿಸಿ. ಮ್ಯೂಸಿಕ್ ಬರೋ ಕಾರ್ಡಿನ ಬಟನ್ ಬ್ಯಾಟರಿನೂ ಅಷ್ಟೇ, ನುಂಗಿದ್ರೆ ಅನ್ನನಾಳ ಸುಟ್ಟುಬಿಡತ್ತೆ. ಬಿಸಿ ಗ್ಲೂ ಗನ್, ಸ್ಪ್ರೇ ಪೇಂಟ್, ವಾರ್ನಿಷ್ ಇವೆಲ್ಲಾ ಮಗು ಮಲಗಿದ ಮೇಲೆ ನೀವು ಮಾಡ್ಕೊಳ್ಳೋ ಕೆಲ್ಸ. ಪೆನ್ ಸ್ಟ್ಯಾಂಡಿಗೆ ತಗಡಿನ ಡಬ್ಬ ಬೇಡ, ಅಂಚು ಕೈ ಕೊಯ್ಯತ್ತೆ, ದಪ್ಪ ರಟ್ಟಿನ ಕೊಳವೆ ಸಾಕು.

ಒಂದು: ಕೈ ಅಚ್ಚಿನ ಕಾರ್ಡು

ಎಲ್ಲಾ ವಯಸ್ಸಿಗೂ ಆಗತ್ತೆ, ಎಲ್ಲರೂ ಮಾಡ್ತಾರೆ, ಆದ್ರೆ ಅರ್ಧ ಜನರ ಅಚ್ಚು ಬರೀ ಮುದ್ದೆ ಆಗಿರತ್ತೆ. ಕಾರಣ ಬಣ್ಣ ಜಾಸ್ತಿ ಆಗಿರೋದು. ಮಗು ಕೈನ ತಟ್ಟೇಲಿ ಅದ್ದಬೇಡಿ. ಸ್ಪಾಂಜ್ ತುಂಡಿಗೆ ಬಣ್ಣ ತಗೊಂಡು ಅಂಗೈಗೆ, ಬೆರಳಿಗೆ ತೆಳ್ಳಗೆ ಹಚ್ಚಿ, ಕಚಗುಳಿ ಆಗಿ ನಗ್ತಾರೆ, ಕೈ ಮುಚ್ಚಿಬಿಡ್ತಾರೆ, ಹಾಗಾಗಿ ಬೇಗ ಬೇಗ. ಎ4 ದಪ್ಪ ಪೇಪರನ್ನ ಅರ್ಧಕ್ಕೆ ಮಡಚಿ ಟೇಬಲ್ಲಿಗೆ ಟೇಪ್ ಹಾಕಿಟ್ಟಿರಿ, ಜಾರಬಾರ್ದು. ಬೆರಳು ಅಗಲಿಸಿ ಕೈನ ನೇರ ಮೇಲಿಂದ ಇಳಿಸಿ, ಒಂದೊಂದೇ ಬೆರಳ ತುದಿ ಮೆತ್ತಗೆ ಒತ್ತಿ, ಆಮೇಲೆ ಪೇಪರನ್ನ ಒಂದು ಕೈಲಿ ಹಿಡ್ಕೊಂಡು ಮಗು ಕೈನ ನೇರ ಮೇಲಕ್ಕೆ ಎತ್ತಿ. ಪಕ್ಕಕ್ಕೆ ಎಳೆದ್ರೆ ಹೋಯ್ತು. ಮೊದಲ ಅಚ್ಚು ರಫ್ ಪೇಪರ್ ಮೇಲೆ, ಎರಡನೇದು ಕಾರ್ಡ್ ಮೇಲೆ, ಸಾಮಾನ್ಯವಾಗಿ ಎರಡನೇದೇ ಚೆನ್ನಾಗಿ ಬರತ್ತೆ.

ಒಣಗಿದ ಮೇಲೆ ಈ ಅಚ್ಚನ್ನ ಏನ್ ಮಾಡೋದು ಅಂತ ಮಗುನೇ ಕೇಳಿ. ನೀವು ಸಿಂಹ ಅಂದ್ಕೊಂಡಿರ್ತೀರ, ಅದಕ್ಕೆ ಬಸ್ಸು ಕಾಣತ್ತೆ. ಬಸ್ಸೇ ಆಗ್ಲಿ. ಚಕ್ರ ಬರೀಲಿ, ಒಳಗೆ ಅಪ್ಪನ್ನ ಕೂರಿಸ್ಲಿ.

ಇಲ್ಲೊಂದು ವಿಷ್ಯ, ಕೆಲವು ಮಕ್ಕಳಿಗೆ ಕೈಗೆ ಬಣ್ಣ ಮೆತ್ತಿದ್ರೆ ಆಗೋದೇ ಇಲ್ಲ, ಅಳ್ತಾರೆ. ಒತ್ತಾಯ ಮಾಡಿ ಕೈ ಹಿಡಿದು ಅದ್ದಿಸೋದು ತಪ್ಪು. ಪೇಪರ್ ಮೇಲೆ ಕೈ ಇಟ್ಟು ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ, ಒಳಗೆ ಕ್ರೇಯಾನ್ ತುಂಬ್ಲಿ.

ಎರಡು: ಬಣ್ಣ ಹಚ್ಚಿದ್ರೆ ಕಾಣೋ ಅಕ್ಷರ

ನಾಲ್ಕು ಐದು ವರ್ಷದೋರಿಗೆ ಇದು ಮ್ಯಾಜಿಕ್. ದಪ್ಪ ಬಿಳಿ ಪೇಪರ್ ಮೇಲೆ ಬಿಳಿ ಅಥವಾ ತಿಳಿ ಹಳದಿ ಕ್ರೇಯಾನಲ್ಲಿ ಗಟ್ಟಿಯಾಗಿ ಒತ್ತಿ ಬರೆಯೋದು, ಮೇಲೆ ನೀರಾಗಿ ಕಲಸಿದ ವಾಟರ್ ಕಲರ್ ಹಚ್ಚೋದು. ಕ್ರೇಯಾನಲ್ಲಿರೋ ಮೇಣ ನೀರನ್ನ ಹಿಡಿಯಲ್ಲ, ಹಾಗಾಗಿ ಬರೆದ ಜಾಗ ಬಿಟ್ಟು ಉಳಿದಲ್ಲೆಲ್ಲಾ ಬಣ್ಣ ಹತ್ತಿ ಅಕ್ಷರ ಎದ್ದು ಕಾಣತ್ತೆ. ಬಿಳಿ ಮೇಲೆ ಬಿಳಿ ಮಕ್ಕಳಿಗೆ ಕಾಣದೇ ಗೊಂದಲ ಆಗತ್ತೆ, ಅದಕ್ಕೇ ಹಳದಿ ವಾಸಿ. ಪೋಸ್ಟರ್ ಕಲರ್ ದಪ್ಪ ಇರತ್ತೆ, ಅದನ್ನೇ ಹಚ್ಚಿದ್ರೆ ಅಕ್ಷರನೂ ಮುಚ್ಚಿಹೋಗತ್ತೆ, ಜಾಸ್ತಿ ನೀರು ಹಾಕಿ ತೆಳ್ಳಗೆ ಮಾಡ್ಕೊಳ್ಳಿ.

"ಅಪ್ಪ" ಅಂತ ಬರೆಯೋಕೆ ಬರೋ ಮಗು ತಾನೇ ಬರೀಲಿ. ಒತ್ತಕ್ಷರ ಪೇಪರಿನ ಇನ್ನೊಂದು ಮೂಲೇಲಿ ಹೋಗಿ ಕೂತಿರತ್ತೆ, ಇರ್ಲಿ ಬಿಡಿ. ಬರೆಯೋಕೆ ಬರದೋರು ಗೀಚ್ಲಿ, ಗೀಚಿದ್ದೂ ಹಾಗೇ ಕಾಣತ್ತೆ. ನೀವು ಚುಕ್ಕೆ ಇಟ್ಟು ಅದ್ರ ಮೇಲೆ ತಿದ್ದಿಸೋದು ಬೇಡ, ಅದು ಕಾಪಿ ರೈಟಿಂಗ್ ಕ್ಲಾಸಾಗತ್ತೆ. ಇದನ್ನೇ ಅರ್ಧಕ್ಕೆ ನಿಲ್ಲಿಸಿ ಕೊಡೋದೂ ಚೆನ್ನ: ಕ್ರೇಯಾನಲ್ಲಿ ಬರೆದ ಪೇಪರ್ ಮಾತ್ರ ಅಪ್ಪನಿಗೆ ಕೊಟ್ಟು, ಬಣ್ಣ ಬ್ರಷ್ ಜೊತೆಗಿಟ್ಟು, ಇಬ್ರೂ ಸೇರಿ ಹಚ್ಚಿ ನೋಡೋದು.

ಮೂರು: ಉಪ್ಪು ಹಿಟ್ಟಿನ ಕೈ ಅಚ್ಚು

ವರ್ಷಗಟ್ಟಲೆ ಉಳಿಯೋ ಗಿಫ್ಟ್ ಬೇಕು ಅಂದ್ರೆ ಇದು, ಆದ್ರೆ ಕೆಡೋದೂ ಇದೇ ಜಾಸ್ತಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ.

1. ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು ಒಣಗಿರೋವಾಗ್ಲೇ ಕಲಸಿ. ಕಲ್ಲುಪ್ಪು ಬೇಡ, ತರಿತರಿ ಆಗಿ ಅಚ್ಚು ಕೂರಲ್ಲ. ಬೇಕಿಂಗ್ ಪೌಡರ್ ಸೇರಿರೋ ಹಿಟ್ಟೂ ಬೇಡ, ಉಬ್ಬಿಬಿಡತ್ತೆ. ಅರ್ಧ ಕಪ್ಪಿನ ತನಕ ನೀರು, ಒಂದೇ ಸಲ ಸುರೀಬೇಡಿ, ಸ್ವಲ್ಪ ಸ್ವಲ್ಪ. ಕೈಗೆ ಅಂಟಬಾರ್ದು, ಬಿರುಕೂ ಬಿಡಬಾರ್ದು, ಆ ಹದ. ನಾದೋ ಕೆಲ್ಸ ಮಗುಗೆ ಕೊಡಿ, ಐದು ಹತ್ತು ನಿಮಿಷ ನಾದಿದಷ್ಟೂ ನಯ ಆಗತ್ತೆ, ಮಗುಗೆ ಇಡೀ ಪ್ರೋಗ್ರಾಮಲ್ಲಿ ಇಷ್ಟ ಆಗೋದೂ ಇದೇ. ಕೈಲಿ ತರಚು ಗಾಯ ಇದ್ಯಾ ಅಂತ ಮೊದ್ಲೇ ನೋಡಿ, ಉಪ್ಪು ಉರಿಯತ್ತೆ.

2. ಬೇಕಿಂಗ್ ಪೇಪರ್ ಮೇಲೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ ದಪ್ಪಕ್ಕೆ ಲಟ್ಟಿಸಿ. ತೆಳ್ಳಗಾದ್ರೆ ಮುರಿಯತ್ತೆ, ದಪ್ಪ ಆದ್ರೆ ಒಳಗೆ ಒಣಗೋದೇ ಇಲ್ಲ. ಬಟ್ಟಲು ಕವುಚಿ ಗುಂಡಗೆ ಕತ್ತರಿಸಿ.

3. ಮಗು ಕೈನ ಮಧ್ಯ ಇಟ್ಟು, ಅದು ಒತ್ತಿದ ಮೇಲೆ ನೀವು ಮೇಲಿಂದ ಪ್ರತಿ ಬೆರಳನ್ನೂ ಅಂಗೈಯನ್ನೂ ಸಮವಾಗಿ ಒತ್ತಿ. ಸರಿಯಾಗಲಿಲ್ವಾ, ಮುದ್ದೆ ಮಾಡಿ ಮತ್ತೆ ಲಟ್ಟಿಸಿ, ಹಿಟ್ಟಿನ ಒಂದು ಸುಖ ಅದೇ. ಹೆಸ್ರು, ತಾರೀಖನ್ನ ಹಲ್ಲುಕಡ್ಡೀಲಿ ಹಸಿ ಇರೋವಾಗ್ಲೇ ಹಿಂದೆಯೋ ಕೆಳಗೋ ಕೊರೀರಿ. ನೇತು ಹಾಕೋದಾದ್ರೆ ಅಂಚಿಂದ ಒಂದು ಸೆಂಟಿಮೀಟರಾದ್ರೂ ಒಳಗೆ ಸ್ಟ್ರಾದಲ್ಲಿ ತೂತು ಮಾಡಿ, ಒಣಗಿದ ಮೇಲೆ ಮಾಡೋಕೆ ಹೋದ್ರೆ ಒಡೆಯತ್ತೆ.

4. ಒಣಗಿಸೋದು. ಓವನ್ ಇದ್ರೆ 100 ಡಿಗ್ರಿ ಸೆಲ್ಸಿಯಸ್ಸಲ್ಲಿ ಎರಡು ಮೂರು ಗಂಟೆ, ಮಧ್ಯೆ ಒಂದ್ಸಲ ತಿರುಗಿಸಿ ಹಾಕಿ. ಬೇಗ ಆಗ್ಲಿ ಅಂತ ಬಿಸಿ ಜಾಸ್ತಿ ಮಾಡಿದ್ರೆ ಉಬ್ಬಿ ಬಿರುಕು ಬಿಟ್ಟು ಕಂದು ಬಣ್ಣಕ್ಕೆ ತಿರುಗತ್ತೆ. ಓವನ್ ಇಲ್ದಿದ್ರೆ ಗಾಳಿ ಆಡೋ ಕಡೆ ಜಾಲರಿ ಮೇಲಿಟ್ಟು ದಿನಕ್ಕೊಂದ್ಸಲ ತಿರುಗಿಸ್ತಾ ಇರಿ, ಹವೆ ನೋಡ್ಕೊಂಡು ಮೂರ್ನಾಲ್ಕು ದಿನದಿಂದ ವಾರದ ತನಕ ಬೇಕು, ಮೋಡ ಮುಚ್ಚಿದ ದಿನಗಳಾದ್ರೆ ಇನ್ನೂ ಜಾಸ್ತಿ. ಮಧ್ಯ ಭಾಗ ತಣ್ಣಗೆ, ಮೆತ್ತಗೆ ಅನ್ಸಿದ್ರೆ ಇನ್ನೂ ಒಣಗಿಲ್ಲ ಅಂತ ಅರ್ಥ.

5. ಪೂರ್ತಿ ಒಣಗಿ ತಣ್ಣಗಾದ ಮೇಲೆ ಮಗು ಬಣ್ಣ ಹಚ್ಲಿ. ಕೊನೇಲಿ ನೀವು ಎರಡೂ ಕಡೆ, ಅಂಚಿಗೂ, ತೂತಿನ ಒಳಗೂ ವಾರ್ನಿಷ್ ಹೊಡೀಬೇಕು. ಉಪ್ಪು ಗಾಳೀಲಿರೋ ತೇವ ಎಳ್ಕೊಳ್ಳತ್ತೆ, ಒಂದು ಕಡೆ ಬಿಟ್ರೂ ಕೆಲವು ತಿಂಗಳಲ್ಲಿ ಬೆವರಿದ ಹಾಗಾಗಿ ಮೆತ್ತಗಾಗತ್ತೆ. ಬಾತ್‌ರೂಮ್ ಹತ್ರ ಅಂತೂ ನೇತು ಹಾಕಬೇಡಿ ಅಂತ ಅಪ್ಪನಿಗೆ ಹೇಳಿ.

ಹಸಿ ಹಿಟ್ಟು ನೋಡೋಕೆ ತಿನ್ನೋ ಹಿಟ್ಟಿನ ತರಾನೇ ಇರತ್ತೆ, ಆದ್ರೆ ಅದ್ರಲ್ಲಿರೋ ಉಪ್ಪು ಮಗು ಹೊಟ್ಟೆಗೆ ತುಂಬಾ ಜಾಸ್ತಿ. ಮನೇಲಿ ನಾಯಿ ಇದ್ರೆ ಇನ್ನೂ ಹುಷಾರು, ಈ ಹಿಟ್ಟು ನಾಯಿಗೆ ಪ್ರಾಣಕ್ಕೇ ಅಪಾಯ, ಒಣಗಿದ್ದೂ ಅಷ್ಟೇ. ಎತ್ತರದಲ್ಲಿಡಿ, ಉಳಿದದ್ದನ್ನ ಮುಚ್ಚಳ ಇರೋ ಕಸದ ಡಬ್ಬಿಗೆ ಹಾಕಿ.

ನಾಲ್ಕು: "ನಮ್ಮಪ್ಪ" ಸಂದರ್ಶನ

ಖರ್ಚಿಲ್ಲ, ಕಸ ಇಲ್ಲ, ಆದ್ರೂ ಅಪ್ಪಂದಿರು ಎಲ್ಲಕ್ಕಿಂತ ಜಾಸ್ತಿ ಇಟ್ಕೊಳ್ಳೋದು ಇದನ್ನೇ ಅಂತ ನನ್ನ ಅನುಭವ. ಮೂರೂವರೆಯಿಂದ ಮೇಲೆ, ಮಾತಾಡೋಕೆ ಬರೋ ಯಾವ ಮಗುವಾದ್ರೂ ಸೈ. ಒಂದು ಹಾಳೇಲಿ ಏಳೆಂಟು ಪ್ರಶ್ನೆ, ಮಗು ಹೇಳೋದು, ನೀವು ಬರೆಯೋದು, ಕೆಳಗೆ ಅಪ್ಪನ ಚಿತ್ರಕ್ಕೆ ಜಾಗ.

ಪ್ರಶ್ನೆ ಹೀಗಿರ್ಲಿ: ಅಪ್ಪನಿಗೆ ಎಷ್ಟು ವಯಸ್ಸು? ಎಷ್ಟು ಎತ್ತರ? ಅಪ್ಪ ದಿನಾ ಎಲ್ಲಿಗೆ ಹೋಗ್ತಾರೆ, ಅಲ್ಲಿ ಏನ್ ಮಾಡ್ತಾರೆ? ಏನ್ ಮಾಡಿದ್ರೆ ನಗ್ತಾರೆ? ಅಪ್ಪನಿಗೆ ಏನು ಮಾಡೋಕೆ ಬರಲ್ಲ? ನೀವಿಬ್ರೇ ಇದ್ದಾಗ ಏನ್ ಮಾಡ್ತೀರ? ಅಪ್ಪ ಚಿಕ್ಕೋರಿದ್ದಾಗ ಹೇಗಿದ್ರು? ವಯಸ್ಸು ಎತ್ತರ ಕೇಳೋದು ಬೇಕಂತಲೇ, ಸಂಖ್ಯೆ ಗೊತ್ತಿಲ್ಲದ ವಯಸ್ಸಲ್ಲಿ ಬರೋ ಉತ್ತರ ಕೇಳೋಕೆ ಮಜಾ, ಆರು ವರ್ಷ ಅಂತಾನೂ ಬರಬಹುದು, ನೂರು ಅಂತಾನೂ ಬರಬಹುದು. "ಅಪ್ಪ ಅಂದ್ರೆ ಎಷ್ಟು ಇಷ್ಟ?" ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ಎಲ್ಲಾ ಮಕ್ಕಳೂ ಕೈ ಅಗಲಿಸಿ "ಇಷ್ಟೊಂದು" ಅಂತ ಕಲಿತ ಉತ್ತರನೇ ಕೊಡ್ತಾರೆ.

ಒಬ್ಬೊಬ್ರನ್ನೇ ಪಕ್ಕಕ್ಕೆ ಕೂರಿಸ್ಕೊಂಡು ಕೇಳಿ. ಗುಂಪಲ್ಲಿ ಕೇಳಿದ್ರೆ ಮೊದಲನೇ ಮಗು "ಲಾರಿ ಓಡಿಸ್ತಾರೆ" ಅಂದ್ರೆ ಇಡೀ ಕ್ಲಾಸಿನ ಅಪ್ಪಂದಿರೆಲ್ಲಾ ಲಾರಿ ಓಡಿಸ್ತಾರೆ. ಮಗು ಹೇಳಿದ ಮಾತನ್ನ ಹಾಗ್ಹಾಗೇ ಬರೀರಿ, ವ್ಯಾಕರಣ ತಿದ್ದಬೇಡಿ, ಅರ್ಧ ವಾಕ್ಯ ಇದ್ರೆ ಅರ್ಧನೇ, ಮನೇಲಿ ಮಾತಾಡೋ ಭಾಷೆ ಬೇರೆ ಇದ್ರೆ ಆ ಭಾಷೆ ಪದಾನೇ. ಸುಮ್ನೆ ಕೂತ್ರೆ ನೀವೂ ಸುಮ್ನಿರಿ, ಹತ್ತು ಸೆಕೆಂಡ್ ಕಾದ್ರೆ ಏನೋ ಬರತ್ತೆ, ಬಾಯಿಗೆ ಉತ್ತರ ಇಡಬೇಡಿ.

ಟೀಚರ್‌ಗಳಿಗೆ ಒಂದು ಮಾತು. ಮಕ್ಕಳು ಮನೆಯ ಗುಟ್ಟೆಲ್ಲಾ ಹೇಳಿಬಿಡ್ತಾರೆ, ಜಗಳ, ಸಾಲ, ಸಿಗರೇಟು. ಅಂಥದ್ದು ಗೋಡೆಗೆ ಅಂಟಿಸೋ ಹಾಳೇಲಿ ಬರಬಾರ್ದು, ಆ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಕೇಳಿ. ಹೊಡೆತದ ತರ, ಮಗುವಿನ ಸುರಕ್ಷತೆಗೆ ಸಂಬಂಧ ಪಟ್ಟದ್ದೇನಾದ್ರೂ ಬಂದ್ರೆ ಅದು ಗಿಫ್ಟಿನ ವಿಷ್ಯ ಅಲ್ಲ, ಮಗುನ ಕೆದಕಿ ಕೇಳ್ದೆ ಕೂಡ್ಲೇ ಸ್ಕೂಲಲ್ಲಿ ಜವಾಬ್ದಾರಿ ಇರೋರಿಗೆ ತಿಳಿಸಿ.

ಇನ್ನೆರಡು, ಚಿಕ್ಕದಾಗಿ

ಕಲ್ಲಿನ ಪೇಪರ್‌ವೇಟ್: ಅಂಗೈ ತುಂಬೋ ನುಣುಪು ಕಲ್ಲು, ಸೋಪಲ್ಲಿ ತೊಳೆದು ಒಂದು ದಿನ ಒಣಗಿಸಿ, ಮಗು ಬಣ್ಣ ಹಚ್ಲಿ. ಪೋಸ್ಟರ್ ಕಲರ್ ಒರೆಸಿದ್ರೆ ಹೋಗತ್ತೆ, ಅಕ್ರಿಲಿಕ್ ಉಳಿಯತ್ತೆ ಆದ್ರೆ ಬಟ್ಟೆಗೆ ಬಿದ್ರೆ ಅದೂ ಉಳಿಯತ್ತೆ. ಕಾಲ ಮೇಲೆ ಬೀಳಿಸ್ಕೊಳ್ಳದ ಹಾಗೆ ನೆಲದ ಮೇಲೆ ಕೂತು ಮಾಡ್ಸಿ.

ಐಸ್‌ಕ್ರೀಂ ಕಡ್ಡಿ ಫೋಟೋ ಫ್ರೇಮ್: ನಾಲ್ಕು ವರ್ಷದ ಮೇಲೆ. ಕಡ್ಡಿಗಳಿಗೆ ಮೊದ್ಲೇ ಬಣ್ಣ ಹಚ್ಚಿ ಒಣಗಿಸಿ, ನಾಳೆ ಅಂಟಿಸಿ. ಕಡ್ಡಿ ಸುಮಾರು 11 ಸೆಂಟಿಮೀಟರ್ ಇರತ್ತೆ, ಹಾಗಾಗಿ ಮಾಮೂಲಿ 4 ಇಂಚು 6 ಇಂಚಿನ ಫೋಟೋ ಹಿಡಿಸಲ್ಲ, ಚೌಕಾಕಾರಕ್ಕೆ ಕತ್ತರಿಸಿದ ಚಿಕ್ಕ ಫೋಟೋ ಇಟ್ಕೊಳ್ಳಿ. ಫೋಟೋ ಬದ್ಲು ಮಗು ಬರೆದ ಚಿತ್ರ ಇಟ್ರೆ ಇನ್ನೂ ಚೆನ್ನ.

ಕಾಫಿ ಕಪ್ಪಿನ ಮೇಲೆ ಬಣ್ಣ ಹಚ್ಚಿಸೋ ಐಡಿಯಾ ಎಲ್ಲಾ ಕಡೆ ಇದೆ, ನಂಗೆ ಸರಿ ಅನ್ಸಲ್ಲ. ಮಾಮೂಲಿ ಬಣ್ಣ ತಿನ್ನೋ ಕುಡಿಯೋ ಪಾತ್ರೆಗೆ ಅಂತ ಮಾಡಿದ್ದಲ್ಲ, ತೊಳೆದ್ರೆ ಸುಲಿಯತ್ತೆ, ಮಗು ನೋಡ್ತಾ ನೋಡ್ತಾನೇ ಗಿಫ್ಟ್ ಸಿಂಕಲ್ಲಿ ಹರಿದುಹೋಗತ್ತೆ.

ಕೂರಿಸಿ ಮಾಡ್ಸೋ ರೀತಿ

ಸಾಮಾನೆಲ್ಲಾ ಎತ್ತಿಟ್ಟು ರೆಡಿ ಮಾಡಿದ ಮೇಲೇ ಮಗುನ ಕರೀರಿ, ಕರೆದಾದ್ಮೇಲೆ ಕತ್ತರಿ ಹುಡುಕ್ತಾ ಕೂತ್ರೆ ಮಗು ಹೊರಟುಹೋಗಿರತ್ತೆ. ಹಸಿವು, ನಿದ್ದೆ ಇಲ್ಲದ ಹೊತ್ತು ನೋಡಿ, ಬೆಳಿಗ್ಗೆ ಒಳ್ಳೇದು. ಸ್ಕೂಲಲ್ಲಾದ್ರೆ ಮೂರ್ನಾಲ್ಕು ಜನರ ಗುಂಪು, ಉಳಿದೋರು ಬೇರೆ ಆಟ ಆಡ್ತಿರ್ಲಿ. ಮಾದರಿ ಮಾಡಿ ತೋರಿಸ್ಬೇಡಿ, ತೋರಿಸಿದ್ರೆ ಮಕ್ಕಳು ತಮ್ಮದು ಹಾಗೆ ಬರ್ಲಿಲ್ಲ ಅಂತ ಕೈ ಬಿಡ್ತಾರೆ ಇಲ್ಲಾ "ನೀವೇ ಮಾಡ್ಕೊಡಿ" ಅಂತಾರೆ. ಹಾಗೆ ಕೇಳಿದಾಗ ಪೂರ್ತಿ ಮಾಡಿಕೊಡದೆ ಪೇಪರ್ ಹಿಡ್ಕೊಳ್ಳಿ, ಮುಚ್ಚಳ ತೆಗೆದುಕೊಡಿ. ಸಾಕು ಅಂದ್ರೆ ಸಾಕು, ಎರಡು ಗೆರೆಗೇ ಎದ್ದು ಹೋದ್ರೆ ನಾಳೆ ನೋಡೋಣ. ನಾಳೆನೂ ಎರಡೇ ಗೆರೆ ಆದ್ರೆ ಗಿಫ್ಟು ನಾಲ್ಕು ಗೆರೆದು.

ಹೋದ ಮೇಲೆ ಓರೆ ಇರೋ ಕಣ್ಣು ಕಿತ್ತು ಸರಿಯಾಗಿ ಅಂಟಿಸೋ ಆಸೆ ಎಲ್ಲರಿಗೂ ಬರತ್ತೆ. ಟೇಬಲ್ ಒರೆಸಿ, ಕಣ್ಣಿನ ತಂಟೆಗೆ ಹೋಗ್ಬೇಡಿ. ಹಿಂದೆ ಪೆನ್ಸಿಲಲ್ಲಿ ಹೆಸ್ರು, ತಾರೀಖು, ವಯಸ್ಸು, ಮಗು ಅದನ್ನ ಏನು ಅಂತ ಹೇಳ್ತು ಅದನ್ನೂ ಬರೆದಿಡಿ.

ಕೊಡೋದು

ಗುಟ್ಟಾಗಿಡು ಅಂತ ಹೇಳೋದು ವೇಸ್ಟ್, ಈ ವಯಸ್ಸಿನೋರು ಬಾಗಿಲಲ್ಲೇ "ಅಪ್ಪಾ ನಿಂಗೆ ಗಿಫ್ಟ್ ಮಾಡಿದೀನಿ, ಏನೂಂತ ಹೇಳಲ್ಲ, ಕೈ ಅಚ್ಚು" ಅಂತಾರೆ. ಅಪ್ಪನಿಗೆ ಮೊದ್ಲೇ ಸೂಚನೆ ಕೊಟ್ಟಿರಿ, ಕೇಳಿಸ್ಲಿಲ್ಲ ಅನ್ನೋ ಹಾಗಿರ್ಲಿ. ಸುತ್ತೋಕೆ ಅಂಗಡಿ ಪೇಪರ್ ಬೇಡ, ಬಣ್ಣ ಪ್ರಾಕ್ಟೀಸ್ ಮಾಡಿದ ರಫ್ ಹಾಳೆಗಳೇ ಇದಾವಲ್ಲ, ಅದ್ರಲ್ಲೇ ಸುತ್ತಿ, ಟೇಪ್ ಹಚ್ಚೋ ಕೆಲ್ಸ ಮಗುಗೆ. ಅರ್ಧ ರೋಲ್ ಖಾಲಿ ಆಗತ್ತೆ, ಬಿಚ್ಚೋಕೆ ಅಪ್ಪನಿಗೆ ಕತ್ತರಿ ಕೊಡಿ.

ಅಪ್ಪನಿಗೆ ಇನ್ನೊಂದು ಹೇಳ್ಕೊಡ್ಬೇಕು. ತೆಗೆದ ತಕ್ಷಣ "ಏನಿದು?" ಅನ್ನಬಾರ್ದು, "ಆನೆನಾ?" ಅಂತ ಊಹೆನೂ ಮಾಡಬಾರ್ದು, ಅದು ಅಪ್ಪನ ಚಿತ್ರನೇ ಆಗಿರೋ ಸಾಧ್ಯತೆ ಇದೆ. "ಇದನ್ನ ಹೇಗೆ ಮಾಡ್ದೆ, ಹೇಳು" ಅಂದ್ರೆ ಮಗುನೇ ಎಲ್ಲಾ ಹೇಳತ್ತೆ. ಆಮೇಲೆ ಅದನ್ನ ಬೀರು ಒಳಗೆ ಜೋಪಾನ ಮಾಡೋದು ಬೇಡ, ಮಗು ಎತ್ತರಕ್ಕೆ ಕಾಣೋ ಕಡೆ ಕೆಲವು ದಿನ ಇರ್ಲಿ, ಉಪ್ಪು ಹಿಟ್ಟಿಂದು ಮಾತ್ರ ಒದ್ದೆ ಬಟ್ಟೇಲಿ ಒರೆಸ್ದೆ ಒಣ ಬ್ರಷ್ಷಲ್ಲಿ ಧೂಳು ಕೊಡವಿದ್ರೆ ಸಾಕು.